ಏಣಿ ಬರುವ ಮೊದಲು ಮೆಟ್ಟಿಲು

ಪ್ರಶ್ನೆ: ನಾವು ಇರುವುದು ಮುಲುಂಡ್ ಪಶ್ಚಿಮದಲ್ಲಿ, 16 ಮಹಡಿಗಳ ಬಿಲ್ಡಿಂಗಿನ 13ನೆಯ ಮಹಡಿಯಲ್ಲಿ. ಕಟ್ಟಡಕ್ಕೆ ಹದಿನೆಂಟು ವರ್ಷ ಆಯಿತು. ಈ ಸಲ ಸೊಸೈಟಿಯ ಖಜಾಂಚಿ ಕೆಲಸ ನನ್ನ ತಲೆಗೆ ಬಂದಿದೆ. ಅಗ್ನಿಶಾಮಕ ದಳದಿಂದ ನೋಟಿಸು ಬಂದ ಮೇಲೆ ಒಂದು ಕಂಪನಿಯವರು ಬಂದು ನೋಡಿ, ಹೊಗೆ ಪತ್ತೆಹಚ್ಚುವ ಡಿಟೆಕ್ಟರುಗಳು, ಹೊಸ ಅಲಾರ್ಮ್ ಪ್ಯಾನೆಲ್, ಬೆಂಕಿ ಆರಿಸುವ ಸಿಲಿಂಡರುಗಳು ಎಲ್ಲ ಸೇರಿ 22 ಲಕ್ಷ ರೂಪಾಯಿಯ ಕೊಟೇಶನ್ ಕೊಟ್ಟಿದ್ದಾರೆ. ಸಮಿತಿಯ ಅರ್ಧ ಜನ ‘ಕೊಟ್ಟು ಕೈತೊಳೆದುಕೊಳ್ಳೋಣ’ ಎನ್ನುತ್ತಾರೆ. ಉಳಿದವರು ‘ದಳದವರ ಹತ್ತಿರ ಅಷ್ಟೆತ್ತರದ ಏಣಿ ಇದೆ, ನಮಗೇಕೆ ಈ ಉಸಾಬರಿ’ ಎನ್ನುತ್ತಾರೆ. ಮನೆಯಲ್ಲಿ ಮಾವನವರಿಗೆ 81 ವರ್ಷ, ಮೊಣಕಾಲು ಬಗ್ಗುವುದಿಲ್ಲ. ದುಡ್ಡನ್ನು ಮೊದಲು ಎಲ್ಲಿ ಹಾಕಬೇಕು? ರಾತ್ರಿ ಹೊತ್ತು ಬೆಂಕಿ ಬಿದ್ದರೆ ಅವರನ್ನು ಏನು ಮಾಡಬೇಕು?

ಉತ್ತರ: ಏಣಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಈ ಊರಿನಲ್ಲಿ ನಾನು ಕೂತ ಸೊಸೈಟಿ ಸಭೆಗಳಲ್ಲೆಲ್ಲ ಆ ಮಾತು ಎದ್ದಿದೆ. ಎತ್ತುವವರು ಸಾಮಾನ್ಯವಾಗಿ ಗೇಟಿನ ಬಾಯಲ್ಲೇ ಕಾರು ನಿಲ್ಲಿಸುವವರು. ಮುಂಬಯಿ ದಳದ ಬಳಿ 90 ಮೀಟರ್ ಎತ್ತರಕ್ಕೆ ಏರುವ ಏಣಿವಾಹನ ಇರುವುದು ನಿಜ. ನಿಮ್ಮ ಮನೆ 40 ಮೀಟರ್ ಆಸುಪಾಸಿನಲ್ಲಿದೆ. ಹಾಗಾಗಿ ಎತ್ತರ ಸಮಸ್ಯೆಯಲ್ಲ, ನೆಲ ಸಮಸ್ಯೆ. ಆ ವಾಹನ ಬಂದು ನಿಂತು, ಎರಡೂ ಪಕ್ಕಕ್ಕೆ ಕಬ್ಬಿಣದ ಕಾಲುಗಳನ್ನು ಚಾಚಿ, ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದ ಮೇಲೆಯೇ ಏಣಿ ಮೇಲೇಳುವುದು. ಅದಕ್ಕೆ ಕಟ್ಟಡದ ಸುತ್ತ ಸುಮಾರು 6 ಮೀಟರ್ ಅಗಲದ ಖಾಲಿ ದಾರಿ ಬೇಕು, ಆ ಭಾರ ತಾಳುವ ನೆಲವೂ ಬೇಕು. ಒಂದು ರಾತ್ರಿ ಹನ್ನೊಂದು ಗಂಟೆಗೆ ಕೆಳಗಿಳಿದು ನಿಮ್ಮ ಅಂಗಳ ನೋಡಿ. ಎರಡು ಸಾಲು ಕಾರು, ನಡುವೆ ಸ್ಕೂಟರುಗಳು, ಮೂಲೆಯಲ್ಲಿ ಯಾರದೋ ಮನೆ ರಿಪೇರಿಯ ಟೈಲ್ಸ್ ಚೂರಿನ ಚೀಲಗಳು. ಅಲ್ಲಿ ನೀರಿನ ಟ್ಯಾಂಕರ್ ಸುಲಭವಾಗಿ ತಿರುಗಲಾಗದಿದ್ದರೆ ಏಣಿಯೂ ಬರುವುದಿಲ್ಲ. ಬಂದರೂ ಒಂದು ಮುಖದ ಕಿಟಕಿಗಳನ್ನಷ್ಟೇ ಮುಟ್ಟೀತು, ಆ ಕಿಟಕಿಗಳಿಗೆ ನಾವು ಹೊರಚಾಚಿದ ಪೆಟ್ಟಿಗೆಯಂಥ ಗ್ರಿಲ್ ಹೊಡೆಸಿ, ಒಳಗೆ ಹೂಕುಂಡ, ಹಳೆಯ ಕೂಲರು ಇಟ್ಟಿರುತ್ತೇವೆ.

ಎತ್ತರದ ಕಟ್ಟಡದಲ್ಲಿ ಜನ ಹೊರಗೆ ಬರುವುದೂ ಮೆಟ್ಟಿಲಿನಿಂದ, ದಳದವರು ಒಳಗೆ ಬರುವುದೂ ಅದೇ ಮೆಟ್ಟಿಲಿನಿಂದ. 22 ಲಕ್ಷವಿರಲಿ, 2 ಲಕ್ಷವಿರಲಿ, ಅದರ ಮೊದಲ ಹಕ್ಕುದಾರ ಮೆಟ್ಟಿಲು. ಆಮೇಲೆ ನೀವು ಆಗಲೇ ದುಡ್ಡು ಕೊಟ್ಟು ಹಾಕಿಸಿಕೊಂಡ ಪಂಪು, ಪೈಪು. ಹೊಸ ಸಾಮಾನಿನ ಸರದಿ ಅವೆರಡರ ನಂತರ. ಕೊಟೇಶನ್ ಬರೆದವರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ. ಅವರನ್ನು ದೂರುವುದಿಲ್ಲ, ಸ್ವಚ್ಛ ಮಾಡಿದ ಮೆಟ್ಟಿಲಿಗೆ ಬಿಲ್ಲು ಹಾಕಲು ಬರುವುದಿಲ್ಲವಲ್ಲ.

ಮೆಟ್ಟಿಲಿನ ಶತ್ರು ಹೊಗೆ. ಬೆಂಕಿಯ ಸುದ್ದಿಗಳಲ್ಲಿ ‘ಸುಟ್ಟು ಸತ್ತರು’ ಎಂದು ಓದುತ್ತೇವೆ, ಆದರೆ ಉರಿ ಮುಟ್ಟುವುದಕ್ಕೆ ಮೊದಲೇ ಹೊಗೆ ಕುಡಿದು ಬೀಳುವವರೇ ಹೆಚ್ಚು. 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಪಬ್‌ಗಳಿಗೆ ಬೆಂಕಿ ಬಿದ್ದು 14 ಜನ ತೀರಿಕೊಂಡರಲ್ಲ, ಅವರಲ್ಲಿ ಹಲವರು ಸಿಕ್ಕಿದ್ದು ಶೌಚಾಲಯದಲ್ಲಿ, ಉಸಿರುಗಟ್ಟಿದ ಸ್ಥಿತಿಯಲ್ಲಿ. ನೀರಿದೆ, ಬಾಗಿಲಿದೆ, ಇಲ್ಲಿ ಬದುಕಬಹುದು ಎಂದುಕೊಂಡು ಒಳಹೊಕ್ಕವರು. 2023ರ ಅಕ್ಟೋಬರ್ 6ರ ಬೆಳಗಿನ ಜಾವ ಗೋರೆಗಾಂವ್‌ನ ಕಟ್ಟಡವೊಂದರಲ್ಲಿ ಬೆಂಕಿ ಹೊತ್ತಿದ್ದು ತೀರ ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ, ಅಲ್ಲಿ ರಾಶಿ ಹಾಕಿದ್ದ ಹಳೆಯ ಬಟ್ಟೆಗಳ ನಡುವೆ. ನೆಲದಲ್ಲಿ ಹುಟ್ಟಿದ ಹೊಗೆ ಮೇಲೆ ಮಲಗಿದ್ದವರ ಪ್ರಾಣ ತೆಗೆಯಿತು. ಬಿಸಿ ಹೊಗೆ ಹಗುರ; ಎಲ್ಲಿ ನೆಟ್ಟಗೆ ಮೇಲೇಳುವ ಸಂದು ಸಿಗುತ್ತದೋ ಅಲ್ಲಿ ನುಗ್ಗುತ್ತದೆ. ನಮ್ಮ ಬಿಲ್ಡಿಂಗುಗಳಲ್ಲಿ ಅಂಥ ಸಂದು ಮೂರು: ಮೆಟ್ಟಿಲು, ಲಿಫ್ಟಿನ ಬಾವಿ, ವಿದ್ಯುತ್ ಕೇಬಲುಗಳ ಡಕ್ಟು. ಹಳ್ಳಿಮನೆಯ ಅಡುಗೆ ಒಲೆಗೆ ಹೊಗೆಗೂಡು ಹೇಗೋ ಹಾಗೆ.

ಮೂರರಲ್ಲಿ ಯಾರೂ ಕಣ್ಣೆತ್ತಿ ನೋಡದ್ದು ಡಕ್ಟು. ಪ್ರತಿ ಮಹಡಿಯಲ್ಲೂ ಲಿಫ್ಟಿನ ಪಕ್ಕದಲ್ಲಿ ಒಂದು ಕಿರಿದಾದ ಬಾಗಿಲು ಇರುತ್ತದೆ, ಅದರ ಹಿಂದೆ ಕೇಬಲುಗಳು ಓಡುತ್ತವೆ. ನಿಯಮದಂತೆ ಪ್ರತಿ ಸ್ಲ್ಯಾಬಿನ ಮಟ್ಟದಲ್ಲೂ ಆ ಡಕ್ಟನ್ನು ಬೆಂಕಿ ತಡೆಯುವ ಗಾರೆಯಿಂದ ಮುಚ್ಚಿರಬೇಕು, ಒಂದು ಮಹಡಿಯ ಬೆಂಕಿ ಇನ್ನೊಂದಕ್ಕೆ ಹೋಗದಂತೆ. ಕಟ್ಟಿದಾಗ ಮುಚ್ಚಿಯೂ ಇರುತ್ತಾರೆ. ಆಮೇಲೆ ಕೇಬಲ್ ಟಿವಿಯವನು ಬರುತ್ತಾನೆ, ಇಂಟರ್‌ನೆಟ್ಟಿನವನು ಬರುತ್ತಾನೆ, ಸಿಸಿಟಿವಿಯವನು ಬರುತ್ತಾನೆ. ಪ್ರತಿಯೊಬ್ಬನೂ ಒಂದು ತೂತು ಕೊರೆದು ತನ್ನ ತಂತಿ ಇಳಿಸಿ ಹೋಗುತ್ತಾನೆ. ತೂತು ಮುಚ್ಚುವುದು ಯಾರ ಕೆಲಸವೂ ಅಲ್ಲ.

ನಿಮ್ಮಲ್ಲಿ ಹೇಗಿದೆ ಎಂದು ತಿಳಿಯಲು ಕಂಪನಿ ಬೇಡ, ಒಂದು ಟಾರ್ಚ್ ಸಾಕು. ಭಾನುವಾರ ಸೊಸೈಟಿಯ ಎಲೆಕ್ಟ್ರಿಷಿಯನ್ನನ್ನು ಕರೆಸಿ. 10ನೆಯ ಮಹಡಿಯಲ್ಲಿ ಡಕ್ಟಿನ ಬಾಗಿಲು ತೆಗೆದು ಅವನು ಟಾರ್ಚನ್ನು ಕೆಳಮುಖವಾಗಿ ಹಿಡಿಯಲಿ. ನೀವು 9ರಲ್ಲಿ, ಏನನ್ನೂ ಮುಟ್ಟದೆ, ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಹೊಗೆಗೆ ದಾರಿ ಇದೆ. ಮಾಟುಂಗದ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ ನಾನು ಹೀಗೆ ನೋಡಿದಾಗ ಮೂರು ಮಹಡಿ ಮೇಲಿನ ಟಾರ್ಚು ನೆಟ್ಟಗೆ ನನ್ನ ಕಣ್ಣಿಗೇ ಹೊಡೆಯಿತು. ಜೊತೆಗೆ ಡಕ್ಟಿನೊಳಗೆ ಗುಡಿಸುವವಳ ಪೊರಕೆ, ಎರಡು ಬಕೆಟ್, ಹಳೆಯ ಪತ್ರಿಕೆಗಳ ಕಟ್ಟು. ಇದನ್ನು ಮುಚ್ಚಿಸುವ ಖರ್ಚು ನಿಮ್ಮ ಕೊಟೇಶನ್ನಿನ ಒಂದು ಸಣ್ಣ ಪಾಲು. ಮುಚ್ಚುವವರು ಬಿಳಿ ಫೋಮ್ ತುಂಬಿ ಹೋಗಲು ನೋಡುತ್ತಾರೆ. ಮಾಮೂಲಿ ಪಾಲಿಯುರಿಥೇನ್ ಫೋಮ್ ತಾನೇ ಹೊತ್ತಿ ಉರಿಯುವ ವಸ್ತು. ಬೆಂಕಿ ತಡೆಯುವ ಸಾಮಗ್ರಿಯ ಪರೀಕ್ಷಾ ಪ್ರಮಾಣಪತ್ರ ಕೇಳಿ, ಎಷ್ಟು ಗಂಟೆ ತಡೆಯುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ.

ಇನ್ನು ಮೆಟ್ಟಿಲಿನ ಬಾಗಿಲು. ಅದು ತಾನಾಗಿ ಮುಚ್ಚಿಕೊಳ್ಳಬೇಕು, ಮುಚ್ಚಿಯೇ ಇರಬೇಕು, ಬೀಗ ಮಾತ್ರ ಇರಬಾರದು. ಗಾಳಿ ಬರಲಿ ಎಂದು ಅದಕ್ಕೆ ಇಟ್ಟಿಗೆ ಕೊಟ್ಟು ನಿಲ್ಲಿಸುವುದು ಈ ಊರಿನ ರೂಢಿ. ಇಟ್ಟಿಗೆಗಳನ್ನು ಎತ್ತಿಸಿ, ಕೆಟ್ಟ ಡೋರ್ ಕ್ಲೋಸರುಗಳನ್ನು ಬದಲಿಸಿ. ಚಪ್ಪಲಿ ಕಪಾಟು, ಸೈಕಲ್ಲು, ಗಣೇಶ ಚತುರ್ಥಿಯ ಮಂಟಪದ ಥರ್ಮೋಕೋಲು, ಇವನ್ನೆಲ್ಲ ಮೆಟ್ಟಿಲಿನಿಂದ ತೆಗೆಸುವಾಗ ನಿಮಗೆ ಬರುವ ವಿರೋಧ 22 ಲಕ್ಷ ವಸೂಲಿಗೂ ಬರಲಿಕ್ಕಿಲ್ಲ, ಆದರೂ ತೆಗೆಸಿ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಮೆಟ್ಟಿಲ ಬಳಿ ಅಥವಾ ಮನೆಯ ಬಾಗಿಲ ಪಕ್ಕದಲ್ಲಿ ಚಾರ್ಜಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಲಿಥಿಯಂ ಬ್ಯಾಟರಿ ಒಳಗಿನಿಂದ ಬಿಸಿಯೇರಿ ಹೊತ್ತಿಕೊಂಡರೆ ಪುಡಿ ಸಿಲಿಂಡರಿನಿಂದ ಜ್ವಾಲೆ ಕುಗ್ಗೀತು, ಬಿಸಿ ಇಳಿಯುವುದಿಲ್ಲ, ಮತ್ತೆ ಹೊತ್ತುತ್ತದೆ. ಅದು ಬಾಗಿಲ ಪಕ್ಕದಲ್ಲಿದ್ದರೆ ಹೊರಗೋಡುವ ದಾರಿಯೇ ಮುಚ್ಚಿತು.

ನಿಮ್ಮಷ್ಟು ಎತ್ತರದ ಕಟ್ಟಡದಲ್ಲಿ ರೆಫ್ಯೂಜ್ ಏರಿಯಾ ಇರಲೇಬೇಕು, ಸಾಮಾನ್ಯವಾಗಿ 7 ಅಥವಾ 8ನೆಯ ಮಹಡಿಯಲ್ಲಿ, ಒಂದು ಬದಿ ತೆರೆದ ಜಾಗ. ಮೆಟ್ಟಿಲಿಳಿಯಲಾಗದವರು ಬಂದು ನಿಂತು ದಳಕ್ಕೆ ಕಾಯಲು ಮಾಡಿದ್ದು. ಅದರ ಬೀಗ ತೆಗೆಸಿ. ಒಳಗೆ ಏನೇ ಇದ್ದರೂ, ಅಧ್ಯಕ್ಷರ ಮಗನ ವ್ಯಾಯಾಮದ ಸಾಮಾನೇ ಇದ್ದರೂ, ಹೊರಗೆ.

ಈಗ ಪಂಪು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎನ್ನುತ್ತೇವಲ್ಲ, ನಿಮ್ಮ ಬಾವಿ ಹದಿನೆಂಟು ವರ್ಷದಿಂದ ಇದೆ. ಹಗ್ಗ ಯಾರು ಬಿಚ್ಚಿಕೊಂಡು ಹೋದರು ಎಂಬುದಷ್ಟೇ ಪ್ರಶ್ನೆ. ವ್ಯವಸ್ಥೆ ಸರಳ. ಕೆಳಗಿನ ಟ್ಯಾಂಕಿನಿಂದ ಒಂದು ದಪ್ಪ ಕೆಂಪು ಪೈಪು ಮಹಡಿ ಮಹಡಿ ಹಾದು ಮಾಳಿಗೆಯವರೆಗೆ ಹೋಗುತ್ತದೆ. ಅದರಲ್ಲಿ ಸದಾ ಒತ್ತಡದ ನೀರು ಇರಬೇಕು. ಎಲ್ಲೋ ಸಣ್ಣದಾಗಿ ಸೋರಿ ಒತ್ತಡ ಇಳಿದರೆ ಜಾಕಿ ಪಂಪು ಎಂಬ ಚಿಕ್ಕ ಪಂಪು ತಾನೇ ಶುರುವಾಗಿ ಸರಿದೂಗಿಸುತ್ತದೆ. ಯಾರಾದರೂ ಹೈಡ್ರಂಟ್, ಅಂದರೆ ಆ ಪೈಪಿನ ದೊಡ್ಡ ನಲ್ಲಿ, ತೆರೆದು ಒತ್ತಡ ತಟ್ಟನೆ ಕುಸಿದರೆ ದೊಡ್ಡ ಪಂಪು ಏಳುತ್ತದೆ. ಇದೆಲ್ಲ ಆಗಬೇಕಾದರೆ ಪ್ಯಾನೆಲ್ಲಿನ ಸ್ವಿಚ್ಚು ‘ಆಟೋ’ದಲ್ಲಿರಬೇಕು.

ಒಂದು ಸೊಸೈಟಿಯಲ್ಲಿ ನಾನು ಪಂಪ್ ರೂಮಿಗೆ ಹೋದಾಗ ಸ್ವಿಚ್ಚು ‘ಆಫ್’ನಲ್ಲಿತ್ತು, ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕಿದ್ದರು, ಯಾರೂ ತಪ್ಪಿ ಮುಟ್ಟದಿರಲೆಂದು. ವಾಚ್‌ಮನ್‌ನನ್ನು ಕೇಳಿದೆ. ‘ರಾತ್ರಿ ತಾನಾಗಿ ಸದ್ದು ಮಾಡುತ್ತದೆ ಸಾಹೇಬರೇ, ಒಂದನೇ ಮಹಡಿಯವರಿಗೆ ನಿದ್ದೆ ಇಲ್ಲ’ ಎಂದ. ಎಲ್ಲೋ ಒಂದು ವಾಲ್ವ್ ಸೋರುತ್ತಿತ್ತು, ಜಾಕಿ ಪಂಪು ಗಂಟೆಗೊಮ್ಮೆ ಅದನ್ನು ಹೇಳುತ್ತಿತ್ತು. ಸೋರುವುದನ್ನು ರಿಪೇರಿ ಮಾಡುವ ಬದಲು ಹೇಳುವವನ ಬಾಯಿ ಮುಚ್ಚಿಸಿದ್ದರು. ಅದೇ ಕಟ್ಟಡದಲ್ಲಿ ನೀರು ಹಾಯಿಸುವ ಹೋಸುಗಳನ್ನು ಇಡುವ ಪೆಟ್ಟಿಗೆಗಳನ್ನು ತೆರೆಸಿ ನೋಡಿದೆವು. ಐದು ಪೆಟ್ಟಿಗೆಗಳಲ್ಲಿ ಹೋಸಿನ ತುದಿಗೆ ಹಾಕುವ ನಾಝಲ್ ಇರಲಿಲ್ಲ. ಹಿತ್ತಾಳೆ, ತಾಮ್ರದ ಅಂಶದ ಲೋಹವಾದ್ದರಿಂದ ಗುಜರಿಯಲ್ಲಿ ಬೆಲೆ ಬರುತ್ತದೆ. ಇದ್ದ ಹೋಸುಗಳನ್ನು ಕೊಂಡ ದಿನದಿಂದ ಬಿಚ್ಚಿರಲಿಲ್ಲ. ಮಡಿಕೆಯ ಗೆರೆಯಲ್ಲೇ ಬಿರುಕು ಬಿಟ್ಟಿದ್ದವು, ಹಳೆಯ ರೇಷ್ಮೆ ಸೀರೆ ಮಡಿಕೆಯಲ್ಲಿ ಸೀಳಿದ ಹಾಗೆ.

ಟ್ಯಾಂಕನ್ನೂ ನೋಡಿ. ಬೆಂಕಿಗೆಂದು ಮೀಸಲಾದ ನೀರು ಮನೆಬಳಕೆಗೆ ಹೋಗದಂತೆ ಪೈಪು ಜೋಡಿಸಿರುತ್ತಾರೆ. ಮೇ ತಿಂಗಳಲ್ಲಿ ಪಾಲಿಕೆ ನೀರು ಕಡಿತ ಮಾಡಿದಾಗ ಯಾರಾದರೂ ಪ್ಲಂಬರ್ ಅಡ್ಡಪೈಪು ಹಾಕಿ ಅದನ್ನೂ ಎಳೆದಿದ್ದಾನೆಯೇ ಎಂದು ಪರೀಕ್ಷಿಸಿ. ಗೇಟಿನ ಬಳಿ ದಳದವರು ತಮ್ಮ ವಾಹನದಿಂದ ನೀರು ಒತ್ತಲು ಜೋಡಿ ಬಾಯಿಯ ಇನ್ಲೆಟ್ ಇರುತ್ತದೆ, ಅದರ ಮುಂದೆ ಕುಂಡ ಇಟ್ಟಿದ್ದರೆ ಸರಿಸಿ. ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕ ಗಾಜಿನ ಹಿಂದೆ ಪುಟ್ಟ ಸ್ವಿಚ್ಚು ಇದೆ. ಅದನ್ನು ಒತ್ತಿದರೆ ಲಿಫ್ಟು ಎಲ್ಲ ಕರೆಗಳನ್ನೂ ಬಿಟ್ಟು ಕೆಳಗಿಳಿಯಬೇಕು. ಲಿಫ್ಟ್ ಕಂಪನಿಯವರು ತಿಂಗಳ ಸರ್ವಿಸಿಗೆ ಬಂದಾಗ ನಿಮ್ಮೆದುರು ಮಾಡಿ ತೋರಿಸಲಿ.

ಕಾನೂನಿನ ಮಾತು ಚಿಕ್ಕದು. ಮಹಾರಾಷ್ಟ್ರದಲ್ಲಿ ಇದಕ್ಕೆಂದೇ 2006ರ ಕಾಯ್ದೆ ಇದೆ. ಅದರ ಪ್ರಕಾರ ಬೆಂಕಿಯ ವ್ಯವಸ್ಥೆಯನ್ನು ಸದಾ ಕೆಲಸ ಮಾಡುವ ಸ್ಥಿತಿಯಲ್ಲಿಡುವ ಹೊಣೆ ಮಾಲೀಕರದು ಮತ್ತು ವಾಸಿಸುವವರದು, ಅಂದರೆ ನಿಮ್ಮ ಸೊಸೈಟಿಯದು. ಬಿಲ್ಡರ್ ಹೋಗಿ ಎಷ್ಟು ವರ್ಷವಾಯಿತು ಎಂಬ ವಾದ ನಡೆಯುವುದಿಲ್ಲ. ಪ್ರತಿ ಜನವರಿ ಮತ್ತು ಜುಲೈನಲ್ಲಿ ಪರವಾನಗಿ ಪಡೆದ ಏಜೆನ್ಸಿಯಿಂದ ಪರೀಕ್ಷೆ ಮಾಡಿಸಿ ‘ಫಾರ್ಮ್ ಬಿ’ ಪ್ರಮಾಣಪತ್ರವನ್ನು ದಳಕ್ಕೆ ಸಲ್ಲಿಸಬೇಕು. ನೋಟಿಸಿಗೆ ಕಿವಿಗೊಡದಿದ್ದರೆ ನೀರು, ವಿದ್ಯುತ್ ಕಡಿತದವರೆಗೂ ಹೋಗಬಹುದು. ಆದರೆ ಪಂಪ್ ರೂಮಿನ ಮೆಟ್ಟಿಲನ್ನೂ ಇಳಿಯದೆ ಫಾರ್ಮ್ ಬಿ ಕೊಡುವವರು ಇದ್ದಾರೆ, ಅಗ್ಗವಾಗಿಯೂ ಕೊಡುತ್ತಾರೆ. ಏಜೆನ್ಸಿಯವನು ಸಹಿ ಹಾಕುವ ದಿನ ಖಜಾಂಚಿ ಜೊತೆಗೆ ಮಾಳಿಗೆ ಹತ್ತಬೇಕು ಎಂದು ಒಂದು ನಿರ್ಣಯ ಮಾಡಿಕೊಳ್ಳಿ.

ಬೆಂಕಿ ಹುಟ್ಟುವುದು ಹೆಚ್ಚಾಗಿ ವಿದ್ಯುತ್ತಿನಿಂದ. ಕಟ್ಟಿದ ಕಾಲಕ್ಕೆ ಮನೆಗೊಂದು ಏಸಿ ಎಂದು ಹಾಕಿದ ತಂತಿಯ ಮೇಲೆ ಈಗ ಮೂರು ಏಸಿ, ಗೀಸರು, ಇಂಡಕ್ಷನ್ ಒಲೆ. ಸಡಿಲವಾದ ಒಂದು ಸ್ಕ್ರೂ ಕೆಳಗೆ ತಂತಿ ತಿಂಗಳುಗಟ್ಟಲೆ ಬಿಸಿಯಾಗಿ ಹೊದಿಕೆ ಕರಿದಾಗುತ್ತದೆ, ಆಮೇಲೆ ಒಂದು ರಾತ್ರಿ ಕಿಡಿ. ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾದಿಂದ ಮೀಟರ್ ರೂಮನ್ನು ವರ್ಷಕ್ಕೊಮ್ಮೆ, ಎಲ್ಲರ ಏಸಿ ಓಡುತ್ತಿರುವ ಬೇಸಿಗೆಯ ರಾತ್ರಿಯಲ್ಲಿ, ಪರೀಕ್ಷೆ ಮಾಡಿಸಿ. ಹಗಲು ಹನ್ನೊಂದು ಗಂಟೆಗೆ ಬಂದರೆ ಅವರಿಗೆ ಏನೂ ಕಾಣುವುದಿಲ್ಲ. ಮನೆಯೊಳಗೆ ಏಸಿಯನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಬೇಡಿ. ಅಡುಗೆಮನೆಯಲ್ಲಿ ಬಾಣಲೆಯ ಎಣ್ಣೆ ಹೊತ್ತಿದರೆ ನೀರು ಬೇಡ, ಒಲೆ ಆರಿಸಿ ಮುಚ್ಚಳ ಮುಚ್ಚಿ. ಪೈಪಿನ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಸಿಲಿಂಡರಿನ ಗ್ಯಾಸ್ ಭಾರ, ನೆಲದಲ್ಲಿ ಹರಡುತ್ತದೆ. ನಿಮ್ಮದು ಯಾವುದೇ ಆಗಲಿ, ವಾಸನೆ ಬಂದಾಗ ಫ್ಯಾನ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಕಿಟಕಿ ತೆರೆಯಿರಿ.

ಇನ್ನು ಆ ಕೊಟೇಶನ್. ಡಿಟೆಕ್ಟರು ಬೇಡ ಎನ್ನುತ್ತಿಲ್ಲ. ಗಾಳಿಯಾಡುವ ತೆರೆದ ಕಾರಿಡಾರಿನಲ್ಲಿ ಹಾಕಿದ ಹೊಗೆ ಡಿಟೆಕ್ಟರು ಅಲಂಕಾರವಷ್ಟೇ, ಹೊಗೆ ಅದನ್ನು ಮುಟ್ಟುವ ಮೊದಲೇ ಹಾರಿರುತ್ತದೆ. ಮೀಟರ್ ರೂಮ್, ಲಿಫ್ಟಿನ ಯಂತ್ರದ ಕೋಣೆ, ಮುಚ್ಚಿದ ಪಾರ್ಕಿಂಗ್, ಇಲ್ಲಿ ಖಂಡಿತ ಬೇಕು. ಮನೆಯೊಳಗೆ ಮಲಗುವ ಕೋಣೆಗಳ ಹೊರಗೆ ಬ್ಯಾಟರಿಯ ಪುಟ್ಟ ಅಲಾರ್ಮನ್ನು ನೀವೇ ತಂದು ಹಾಕಿಕೊಳ್ಳಬಹುದು. ಅಡುಗೆಮನೆಯಲ್ಲಿ ಮಾತ್ರ ಹೊಗೆಯದು ಬೇಡ, ಶಾಖ ಗುರುತಿಸುವುದು ಹಾಕಿ. ಇಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಹುರಿದ ಮೊದಲ ದಿನವೇ ಅದು ಕಿರುಚುತ್ತದೆ, ಎರಡನೆಯ ದಿನ ನೀವು ಬ್ಯಾಟರಿ ತೆಗೆದು ಟಿವಿಯ ರಿಮೋಟಿಗೆ ಹಾಕುತ್ತೀರಿ.

ಮಾವನವರ ವಿಷಯಕ್ಕೆ ಬರುತ್ತೇನೆ. ಬೆಂಕಿ ನಿಮ್ಮ ಮನೆಯಲ್ಲೇ ಹತ್ತಿದರೆ ಯೋಚಿಸಲು ಏನಿಲ್ಲ: ಎಲ್ಲರೂ ಹೊರಗೆ, ಅವರನ್ನು ಎತ್ತಿಕೊಂಡಾದರೂ. ಹೊರಟವರಲ್ಲಿ ಕೊನೆಯವರು ಬಾಗಿಲು ಎಳೆದು ಮುಚ್ಚಬೇಕು. ತೆರೆದು ಬಿಟ್ಟ ಬಾಗಿಲಿನಿಂದ ಇಡೀ ಮಹಡಿಗೆ ಹೊಗೆ ತುಂಬುತ್ತದೆ. ಬೆಂಕಿ ಕೆಳಗಿನ ಮಹಡಿಯಲ್ಲಿದ್ದರೆ ಮೊದಲು ನಿಮ್ಮ ಮುಂಬಾಗಿಲನ್ನು ಹಿಂಗೈಯಿಂದ ಮುಟ್ಟಿ ನೋಡಿ. ತಣ್ಣಗಿದ್ದು ಮೆಟ್ಟಿಲು ತಿಳಿಯಾಗಿದ್ದರೆ ಇಳಿಯಿರಿ. ಅಷ್ಟು ಮಹಡಿ ಅವರಿಂದ ಆಗದು ಎನಿಸಿದರೆ ರೆಫ್ಯೂಜ್ ಏರಿಯಾದವರೆಗೆ, ಅದು ಬೆಂಕಿಗಿಂತ ಮೇಲಿದ್ದರೆ. ಲಿಫ್ಟು ಬೇಡ. ಮೆಟ್ಟಿಲಿನಲ್ಲಿ ಹೊಗೆ ಇದ್ದರೆ ಇಳಿಯುವ ಸಾಹಸ ಬೇಡ, ಬೀಗ ಹಾಕಿದ ಮಾಳಿಗೆಯ ಕಡೆ ಹತ್ತುವುದಂತೂ ಬೇಡವೇ ಬೇಡ. ಮನೆಯಲ್ಲೇ ನಿಲ್ಲಿ. ಮುಂಬಾಗಿಲು ಮುಚ್ಚಿ, ಅದರ ತಳಸಂದಿಗೆ ಒದ್ದೆ ಟವೆಲು, ಬೆಡ್‌ಶೀಟು ತುರುಕಿ. ರಸ್ತೆಗೆ ಮುಖವಿರುವ, ಕಿಟಕಿಯಿರುವ ಕೋಣೆಗೆ ಮಾವನವರನ್ನು ಕರೆದೊಯ್ದು ಅದರ ಬಾಗಿಲನ್ನೂ ಮುಚ್ಚಿ. ಸ್ನಾನದ ಮನೆಗೆ ಬೇಡ. 101ಕ್ಕೆ ಫೋನ್ ಮಾಡಿ ವಿಂಗ್, ಮಹಡಿ, ಫ್ಲ್ಯಾಟ್ ಸಂಖ್ಯೆ, ‘ನಡೆಯಲಾಗದ ಹಿರಿಯರಿದ್ದಾರೆ’ ಎಂಬ ನಾಲ್ಕು ಮಾತು ಹೇಳಿ. ಕಿಟಕಿಯಿಂದ ಮೊಬೈಲಿನ ಬೆಳಕು ಬೀಸಿ. ಆ ಕೋಣೆಯ ಗ್ರಿಲ್ಲಿನಲ್ಲಿ ಒಳಗಿನಿಂದ ತೆಗೆಯಬಹುದಾದ ಒಂದು ಕದ ಮಾಡಿಸಿಡಿ, ವೆಲ್ಡಿಂಗಿನವನಿಗೆ ಅರ್ಧ ದಿನದ ಕೆಲಸ.

2018ರ ಆಗಸ್ಟ್ 22ರಂದು ಪರೇಲಿನ ಕ್ರಿಸ್ಟಲ್ ಟವರಿಗೆ ಬೆಂಕಿ ಬಿದ್ದಾಗ ಸುಮಾರು ಹತ್ತು ವರ್ಷದ ಬಾಲಕಿಯೊಬ್ಬಳು, ಶಾಲೆಯಲ್ಲಿ ಕಲಿತದ್ದನ್ನು ನೆನಪಿಟ್ಟುಕೊಂಡು, ನೆರೆಹೊರೆಯವರಿಗೆ ಬಟ್ಟೆ ಒದ್ದೆ ಮಾಡಿ ಮೂಗಿಗೆ ಹಿಡಿದುಕೊಳ್ಳಲು ಹೇಳಿಕೊಟ್ಟಳು. ಅವಳಿಗೆ ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಒದ್ದೆ ಬಟ್ಟೆ ಮಸಿಯನ್ನು, ಮೂಗು ಗಂಟಲು ಉರಿಸುವ ಕೆಲವು ಅನಿಲಗಳನ್ನು ತಡೆಯುತ್ತದೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಅದರಲ್ಲಿ ಸಲೀಸಾಗಿ ನುಸುಳುತ್ತದೆ. ಕಿಟಕಿಯ ಬಳಿ ಕಾಯಲು ಅದು ಸಾಕು, ಹೊಗೆ ತುಂಬಿದ ಹದಿಮೂರು ಮಹಡಿ ಇಳಿಯಲು ಸಾಲದು.

ಇದನ್ನೆಲ್ಲ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆದು ಮಾವನವರ ಕೋಣೆಯ ಬಾಗಿಲಿಗೆ ಅಂಟಿಸಿ. ಸೊಸೈಟಿಯವರು ಅಂಟಿಸಿದ ಇಂಗ್ಲಿಷ್ ಫಲಕ ಲಾಬಿಯಲ್ಲಿದೆ, ಮಾವನವರು ಮಲಗುವುದು ಇಲ್ಲಿ. ನೀವಿಬ್ಬರೂ ಕೆಲಸಕ್ಕೆ ಹೋದ ಮಧ್ಯಾಹ್ನವೂ ಬೆಂಕಿ ಬೀಳಬಹುದಲ್ಲ. ಹಾಗೆಯೇ ಎತ್ತಿ ಇಳಿಸಬೇಕಾದವರ ಹೆಸರು, ಫ್ಲ್ಯಾಟು ಬರೆದ ಪಟ್ಟಿಯೊಂದು ವಾಚ್‌ಮನ್‌ನ ಮೇಜಿನಲ್ಲಿರಲಿ, ಅವನು ಓದುವ ಹಿಂದಿಯಲ್ಲಿ.

ಅಣಕು ಕಾರ್ಯಾಚರಣೆಗೆ ದಿನ ಹುಡುಕುತ್ತಿದ್ದರೆ ಏಪ್ರಿಲ್ 14 ಇಟ್ಟುಕೊಳ್ಳಿ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ಒಟ್ಟಿಗೆ ಹೊತ್ತಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದು, ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅದಕ್ಕೇ. ಆ ವಾರ ಠಾಣೆಯವರನ್ನು ಕೇಳಿಕೊಂಡರೆ ಬಂದು ತೋರಿಸಿಕೊಡುತ್ತಾರೆ.

ಅಷ್ಟರವರೆಗೆ ಕಾಯದೆ, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಮಿತಿಯ ಎರಡೂ ಪಕ್ಷದವರನ್ನು ಮಾಳಿಗೆಗೆ ಕರೆಯಿರಿ. ಸ್ವಿಚ್ಚು ಆಟೋದಲ್ಲಿರಲಿ, ಪಂಪ್ ರೂಮಿನಲ್ಲಿ ಯಾರೂ ಇರಬಾರದು. ಕೊನೆಯ ಹೈಡ್ರಂಟಿಗೆ ಹೋಸ್ ಜೋಡಿಸಿ, ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಕೆಳಗೆ ಪಂಪು ತಾನಾಗಿ ಎದ್ದಿತೇ, ಎಷ್ಟು ಸೆಕೆಂಡಿಗೆ ಎದ್ದಿತು, ಮೇಲೆ ಆ ಹೈಡ್ರಂಟಿನ ಬಳಿ ಒತ್ತಡದ ಮಾಪಕ 3.5 ಬಾರ್ ಮುಟ್ಟಿತೇ ಎಂದು ಬರೆದುಕೊಳ್ಳಿ. ಆ ಮೂರು ಉತ್ತರ ಮತ್ತು ಟಾರ್ಚಿನ ಫಲಿತಾಂಶವನ್ನು ಕೊಟೇಶನ್ನಿನ ಪ್ರತಿಯ ಜೊತೆ ನನಗೆ ಕಳಿಸಿ. 22 ಲಕ್ಷದಲ್ಲಿ ಯಾವ ಸಾಲು ಹೊಡೆಯಬೇಕು, ಯಾವುದು ಇರಬೇಕು ಎಂದು ಆಗ ಸಾಲು ಸಾಲಾಗಿ ಹೇಳುತ್ತೇನೆ.